ಒಮ್ಮೆಯೂ ಕುದಿಯದ ಗಾಡಿ

ಕಳೆದ ತಿಂಗಳು ಮೈಸೂರಿನಿಂದ ಆತನ ಮಗಳ ಫೋನ್ ಬಂತು. ಅಪ್ಪ ಹೋಗಿ ವರ್ಷವಾಗುತ್ತ ಬಂತು, ವರ್ಷಾಬ್ದಿಕಕ್ಕೆ ಬಂದವರ ಕೈಗೆ ಕೊಡಲು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತಿದ್ದೇವೆ, ಕುವೈತಿನಲ್ಲಿ ನಮ್ಮ ಮನೆಯ ಮೇಲೇ ಇದ್ದವರು ನೀವು, ನಾಲ್ಕು ಮಾತು ಬರೆದುಕೊಡಿ ಎಂದಳು. ದನಿಯಲ್ಲಿ ಪ್ರೀತಿಯಿತ್ತು. ತಂದೆಯನ್ನು ಕಳೆದುಕೊಂಡ ಆ ಮಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

"ಆ ಗಾಡಿ ವಿಷಯ ಮಾತ್ರ ಮರೀಬೇಡಿ ಆಂಟಿ," ಎಂದಳು. "ಕುವೈತಿಂದ ಅಮ್ಮಾನ್‌ವರೆಗೂ, ಆ ಡೆಸರ್ಟಲ್ಲಿ, ಒಂದೇ ಒಂದ್ಸಲಾನೂ ಬಾಯ್ಲ್ ಆಗ್ಲಿಲ್ವಂತೆ. ಅಪ್ಪ ಕೊನೇವರೆಗೂ ಅದನ್ನೇ ಹೇಳ್ತಿದ್ರು."

ನಿಜ. ಒಂದು ಸಲವೂ ಕುದಿಯಲಿಲ್ಲ. ಯಾಕೆ ಕುದಿಯಲಿಲ್ಲ ಎಂಬುದನ್ನು ನಾನು ಬರೆಯಬಲ್ಲೆ. ಅವಳ ಪುಸ್ತಕಕ್ಕೆ ಅದು ಬೇಡವಾಗುತ್ತದೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ 'ನೀವು' ಎಂದೇ ಮಾತಾಡಿಸಿದ್ದೇನೆ. ಕಾಗದದ ಮೇಲೆ ಮಾತ್ರ ಆ ಬಹುವಚನ ಬರುತ್ತಿಲ್ಲ.

ನಾವಿದ್ದದ್ದು ಫಹಾಹೀಲ್‌ನ ಒಂದು ಹಳೆಯ ಕಟ್ಟಡದಲ್ಲಿ. ನನ್ನ ಗಂಡ ಮೀನಾ ಅಬ್ದುಲ್ಲಾದ ರಿಫೈನರಿಗೆ ಕೆಲಸ ಮಾಡಿಕೊಡುವ ಗುತ್ತಿಗೆ ಕಂಪನಿಯಲ್ಲಿ ಎಂಜಿನಿಯರ್, ನಾನು ಆಸ್ಪತ್ರೆಯಲ್ಲಿ ನರ್ಸ್, ನಮಗೊಬ್ಬಳು ಮೂರು ವರ್ಷದ ಮಗಳು. ನಮ್ಮ ಕೆಳಗಿನ ಮನೆ ಆತನದು. ಆತನೂ ಎಂಜಿನಿಯರೇ, ಶುಐಬಾದ ಕಾರ್ಖಾನೆಯೊಂದರಲ್ಲಿ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಕುಂಕುಮದ ಸಣ್ಣ ಬೊಟ್ಟು, ಮೆಟ್ಟಿಲ ತುಂಬ ಅತ್ತರಿನ ವಾಸನೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಕೈ ಮಾತ್ರ ಬೇರೆ ಯಾರದೋ ಎನ್ನುವಂತಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ಕರಿ ಗ್ರೀಸು. ಯುಗಾದಿಗೆ ಕನ್ನಡದವರೆಲ್ಲ ಸೇರಿ ಅಡುಗೆ ಮಾಡಿದಾಗ ಬಡಿಸಲು ಮೊದಲು ಎದ್ದು ನಿಲ್ಲುವವನು ಆತನೇ. ಆತ ಹಾಕಿದ ಒಬ್ಬಟ್ಟಿನಲ್ಲಿ ನನಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಗಂಡನಿಗೆ ಹೇಳಿದರೆ, "ನಿಂದು ಆಸ್ಪತ್ರೆ ಮೂಗು," ಎಂದು ನಕ್ಕುಬಿಡುತ್ತಿದ್ದರು.

ಆತನ ಗಾಡಿಯ ಬಗ್ಗೆ ಹೇಳಬೇಕು. ಅಮೆರಿಕದ್ದು, ಎರಡೇ ಬಾಗಿಲು, ಮುಂದೆ ಮಂಚದಷ್ಟು ಉದ್ದದ ಬಾನೆಟ್, ಒಳಗೆ ಎಂಟು ಸಿಲಿಂಡರಿನ ಎಂಜಿನ್. ಯಾರೋ ಅರಬ್ಬಿ ಹುಡುಗ ಓಡಿಸಿ ಬೇಸರವಾಗಿ ಬಿಸಾಡಿದ್ದನ್ನು ತಂದಿದ್ದ. ಮಸಲ್ ಕಾರ್ ಎನ್ನುತ್ತಿದ್ದ. ಹಳೆಯದಾಗಿ ಸೊರಗಿದ ಆ ಮಸಲ್ಲಿಗೆ ಖರ್ಚಿಲ್ಲದೆ ಬಲ ತುಂಬಿಸುವುದೇ ಆತನ ಬದುಕು. ಶುಕ್ರವಾರ ಬಂತೆಂದರೆ ಕಟ್ಟಡದ ಹಿಂದಿನ ಮರಳು ಜಾಗದಲ್ಲಿ ಬಾನೆಟ್ ಎತ್ತಿ ಅದರೊಳಗೆ ಅರ್ಧ ಮುಳುಗಿರುತ್ತಿದ್ದ.

"ಹಾರ್ಸ್‌ಪವರ್ ಅನ್ನೋದನ್ನ ಶೋರೂಮಲ್ಲಿ ಕೊಂಡ್ಕೋಬಾರ್ದು ಮೇಡಂ. ಅದು ಗಾಡಿಯೊಳಗೇ ಇರುತ್ತೆ. ಕಂಪನಿಯವರು ಕಟ್ಟಿಹಾಕಿರ್ತಾರೆ, ನಾವು ಬಿಚ್ಚಬೇಕು ಅಷ್ಟೆ."

ಹೀಗೆ ಬಿಚ್ಚುತ್ತ ಹೋದ. ಗಾಳಿ ಸೋಸುವ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿದರೆ ಎಂಜಿನ್ ಹೆಚ್ಚು ಉಸಿರೆಳೆಯುತ್ತದೆ, ಒಂದು ಪೈಸೆ ಖರ್ಚಿಲ್ಲ ಎಂದು ಕುಣಿದಾಡಿದ. ಸ್ಪಾರ್ಕನ್ನು ಒಂದಿಷ್ಟು ಮುಂಚೆ ಹೊತ್ತಿಸಿದರೆ ಗಾಡಿ ಹಾರುತ್ತದೆಂದು ಹೆಂಡತಿಯ ನೇಲ್‌ಪಾಲಿಶಿನಿಂದ ಎಂಜಿನ್ನಿನ ಚಕ್ರಕ್ಕೆ ಗುರುತು ಹಾಕಿದ. ಸೈಲೆನ್ಸರ್ ಕೊಯ್ದು ಎರಡು ಕೊಳವೆ ಮಾಡಿದ. ಅಂದಿನಿಂದ ನನ್ನ ಮಗಳು ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ರಾಯ್ ಎಂಬಲ್ಲಿನ ಗುಜರಿ ಅಂಗಡಿಗಳಿಂದ ಬೇರೆ ಗಾಡಿಯ ದೊಡ್ಡ ಕಾರ್ಬ್ಯುರೇಟರ್ ತಂದು ಅಡುಗೆಮನೆಯ ಸಿಂಕಿನಲ್ಲಿ ತೊಳೆದ. ಭಾರ ಕಡಿಮೆಯಾದಷ್ಟೂ ವೇಗ ಹೆಚ್ಚು, ಇದಕ್ಕಿಂತ ಅಗ್ಗದ ಉಪಾಯ ಲೋಕದಲ್ಲಿಲ್ಲ ಎಂದು ಹಿಂದಿನ ಸೀಟನ್ನೇ ಕಿತ್ತು ಮಹಡಿಯ ಮೇಲೆ ಇಟ್ಟ. ಆಮೇಲೆ ಹೆಂಡತಿ ಮಗಳು ಸಂತೆಗೆ ಹೋಗುವಾಗ ತಗಡಿನ ಮೇಲೆ ದಿಂಬು ಹಾಕಿಕೊಂಡು ಕೂರುತ್ತಿದ್ದರು.

ಒಂದು ದಿನ ಸಕ್ಕರೆಗೆಂದು ಕೆಳಗೆ ಹೋದೆ. ಒಲೆಯ ಮೇಲೆ ಹಾಲಿನ ಪಾತ್ರೆ, ಅದರಲ್ಲಿ ನೀರು, ನೀರಿನಲ್ಲಿ ಹಿತ್ತಾಳೆಯ ಒಂದು ಬಿಲ್ಲೆ ಕುದಿಯುತ್ತಿತ್ತು. ಮೇಲೆ ಕಂದು ಜಿಡ್ಡು. ಅದು ಥರ್ಮೋಸ್ಟಾಟ್, ಬಿಸಿಯಾದರೆ ಬಾಯಿ ಬಿಡುತ್ತದೋ ಇಲ್ಲವೋ ನೋಡುತ್ತಿದ್ದಾರೆ ಎಂದಳು ಹೆಂಡತಿ. ಮಗುವಿಗೆ ಹಾಲು ಕಾಯಿಸುವ ಪಾತ್ರೆಯಲ್ಲವೇ ಎಂದು ನಾನು ಕೇಳಿದೆ.

"ತೊಳೀತೀನಿ ಬಿಡಿ," ಎಂದಳು, ನನ್ನ ಕಡೆ ನೋಡದೆ. "ಗಾಡಿ ಬಿಟ್ರೆ ಬೇರೆ ಕೆಟ್ಟ ಚಾಳಿ ಇಲ್ವಲ್ಲ ಅವರಿಗೆ."

ಎಲ್ಲರ ಅಭಿಪ್ರಾಯವೂ ಅದೇ ಆಗಿತ್ತು. ಕುಡಿಯುವುದಿಲ್ಲ, ಸೇದುವುದಿಲ್ಲ, ಕರೆದರೆ ಬರುತ್ತಾನೆ. ಯಾರ ಗಾಡಿ ನಿಂತರೂ ಹೋಗಿ ನೋಡುತ್ತಿದ್ದ. ರಿಪೇರಿಯಾದ ಮೇಲೆ ಅವರ ಗಾಡಿಯಿಂದ ಒಂದು ಕ್ಲಿಪ್ಪು, ಒಂದು ಹೊಸ ಹೋಸು, ಒಳ್ಳೆಯ ಪ್ಲಗ್ಗು ಆತನ ಗಾಡಿಗೆ ಬಂದಿರುತ್ತಿತ್ತು, ಆತನ ಹಳೆಯದು ಅವರಿಗೆ ಹೋಗಿರುತ್ತಿತ್ತು. ಒಮ್ಮೆ ನನ್ನ ಗಂಡನೇ ಅದನ್ನು ಕಂಡುಹಿಡಿದು ಕೇಳಿದರು. "ನಿಮ್ದು ಆಫೀಸಿಗೆ ಹೋಗಿ ಬರೋ ಗಾಡಿ ಸಾರ್, ನಿಮಗ್ಯಾಕೆ ಅಷ್ಟು ಒಳ್ಳೆ ಪ್ಲಗ್ಗು? ವೇಸ್ಟು," ಎಂದು ಬೆನ್ನು ತಟ್ಟಿದ. ಗಂಡ ಅದನ್ನೊಂದು ತಮಾಷೆಯಾಗಿ ನನಗೆ ಹೇಳಿದರು. ನನಗೆ ನಗು ಬರಲಿಲ್ಲ.

ಇಷ್ಟೆಲ್ಲ ಬಲ ತುಂಬಿದ ಮೇಲೆ ಗಾಡಿ ಕಾಯತೊಡಗಿತು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಅದರ ಬಿಸಿಯೂ ಹೆಚ್ಚುತ್ತದಂತೆ, ಆ ಬಿಸಿ ತಗ್ಗಿಸಲು ದೊಡ್ಡ ರೇಡಿಯೇಟರ್ ಬೇಕಂತೆ. ಅದೊಂದು ಮಾತ್ರ ಅಗ್ಗಕ್ಕೆ ಸಿಗಲಿಲ್ಲ. ಇದ್ದದ್ದು ಸೋರುತ್ತಿತ್ತು. ನನ್ನ ಮನೆಗೆ ಬಂದು ಅರಿಶಿನ ಕೇಳಿದ. ಪೂಜೆಗೇನೋ ಎಂದು ಬಟ್ಟಲಲ್ಲಿ ಕೊಟ್ಟರೆ, ಡಬ್ಬಿಯನ್ನೇ ಕೊಡಿ ಎಂದ. ರೇಡಿಯೇಟರಿನ ನೀರಿಗೆ ಅರಿಶಿನ ಸುರಿದರೆ ಅದು ತೂತುಗಳಲ್ಲಿ ಕೂತು ಸೋರಿಕೆ ನಿಲ್ಲುತ್ತದೆ ಎಂದು ವಿವರಿಸಿದ. "ಊರಲ್ಲಿ ಲಾರಿಯವರೆಲ್ಲ ಇದನ್ನೇ ಮಾಡೋದು ಮೇಡಂ." ಆದರೂ ಗಾಡಿಯನ್ನು ಹಗಲಲ್ಲಿ ಹೆಚ್ಚು ದೂರ ಒಯ್ಯುತ್ತಿರಲಿಲ್ಲ.

ಆ ಮರಳು ಜಾಗದ ಆಚೆ ಒಂದು ಕುವೈತಿ ಮನೆಯಿತ್ತು. ಒಬ್ಬ ಮುದುಕಿ, ಅವಳ ಮಗ, ಸೊಸೆ. ಮಗ ಶಾಲೆಯ ಮೇಷ್ಟರು. ಮುದುಕಿಗೆ ಸಕ್ಕರೆ ಕಾಯಿಲೆ; ಆಸ್ಪತ್ರೆಯಲ್ಲಿ ಪರಿಚಯವಾಗಿ, ಇಷ್ಟು ಹತ್ತಿರದಲ್ಲೇ ಇದ್ದೇನೆಂದು ತಿಳಿದ ಮೇಲೆ ಸೊಸೆ ನನ್ನನ್ನು ಕರೆದೊಯ್ಯುತ್ತಿದ್ದಳು. ನಾನು ಹೋಗಿ ಇನ್ಸುಲಿನ್ ಚುಚ್ಚಿ ಬರುತ್ತಿದ್ದೆ. ಮುದುಕಿ ನನ್ನ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡು ಬಿಡುತ್ತಿದ್ದಳು. ಮಾತು ಅರ್ಥವಾಗದ ಇಬ್ಬರ ನಡುವೆ ಅಷ್ಟು ಸಾಕಿತ್ತು. ಅವರ ಮನೆಯ ಮುಂದೆ ನಾಲ್ಕು ಬಾಗಿಲಿನ ದೊಡ್ಡ ಕಾರಿತ್ತು. ಆತನ ಗಾಡಿಯ ಕಂಪನಿಯದೇ, ಎಂಜಿನ್ನೂ ಅದೇ ಜಾತಿಯದಂತೆ. ಆದರೆ ನಿನ್ನೆ ಶೋರೂಮಿನಿಂದ ಬಂದಂತೆ ಇತ್ತು. ಆತ ಅದರ ಮುಂದೆ ಹಾದುಹೋಗುವಾಗ ನಡಿಗೆ ನಿಧಾನವಾಗುತ್ತಿತ್ತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆತನ ಹೆಂಡತಿ ಮಗಳು ಶಾಲೆಯ ರಜೆಗೆಂದು ಊರಿಗೆ ಹೋಗಿದ್ದರು, ಆತ ಒಬ್ಬನೇ ಇದ್ದ. ಮೊದಲ ಕೆಲವು ದಿನ ನಾವೆಲ್ಲ ಕಿಟಕಿ ಮುಚ್ಚಿ ಕೂತೆವು. ಆಮೇಲೆ ಅಂಗಡಿಗಳು ಬರಿದಾದವು, ಆಸ್ಪತ್ರೆಯ ಔಷಧದ ಕಪಾಟುಗಳು ಬರಿದಾದವು. ನಾನು ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಇನ್ಸುಲಿನ್ ಮುಗಿಯುತ್ತ ಬಂದಿತ್ತು. ಆತ ತನ್ನ ಗಾಡಿಯಲ್ಲಿ ನಮ್ಮನ್ನೂ ಅಮ್ಮಾನ್‌ವರೆಗೆ ಕರೆದೊಯ್ಯುವುದೆಂದು ಮಾತಾಗಿತ್ತು.

ಮೇಷ್ಟರು ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಮರುಭೂಮಿಯ ದಾರಿಯಲ್ಲಿ ಸೌದಿಗೆ ದಾಟಿಬಿಡುವುದೆಂದು ನಿರ್ಧರಿಸಿದರು. ಅವರದು ಬೇಸಿಗೆಯಲ್ಲೆಲ್ಲ ನಿಂತೇ ಇದ್ದ ಗಾಡಿ. ಮರಳಲ್ಲಿ ಕೈಕೊಟ್ಟರೆ ಕಥೆ ಮುಗಿಯಿತು. ವರ್ಕ್‌ಶಾಪುಗಳೆಲ್ಲ ಬಾಗಿಲು ಹಾಕಿದ್ದವು. ಅವರು ಬಂದು ಆತನನ್ನು ಕೇಳಿಕೊಂಡರು. ಆತ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ. ಅವರ ಗ್ಯಾರೇಜಿನ ಬಾಗಿಲು ಎಳೆದುಕೊಂಡು ಒಳಗೇ ಕೆಲಸ ಮಾಡಿದ. ಊರಿಗೆ ಊರೇ ಹೆದರಿ ಉಸಿರು ಬಿಗಿಹಿಡಿದಿದ್ದಾಗ ಆತ ಸಿಳ್ಳೆ ಹಾಕುತ್ತಿದ್ದುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನೋಡು, ಇಂಥ ಕಾಲದಲ್ಲೂ ಎಷ್ಟು ಧೈರ್ಯವಾಗಿದ್ದಾರೆ ಎಂದರು ನನ್ನ ಗಂಡ.

ಅವರು ಹೊರಟ ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ಐಸು ತುಂಬಿ, ಉಳಿದ ಇನ್ಸುಲಿನ್ ಅದರಲ್ಲಿಟ್ಟು ಕೊಟ್ಟೆ. ಮುದುಕಿ ಗಾಡಿಯೊಳಗಿನಿಂದಲೇ ಆತನ ತಲೆ ಮುಟ್ಟಿ ಹರಸಿದಳು. ಆತ ಬಾಗಿ ತಲೆಯೊಡ್ಡಿದ.

ಸಂಜೆಯ ಹೊತ್ತಿಗೆ ಮರುಭೂಮಿಯ ಬೆದೂಯಿನ್ ಒಬ್ಬನ ಪಿಕಪ್ ಗಾಡಿ ಬಂದು ಮನೆಯ ಮುಂದೆ ನಿಂತಿತು. ಹಿಂದಿನಿಂದ ಸೊಸೆ ಇಳಿದಳು. ಅವಳೂ ಗಾಡಿಯವನೂ ಸೇರಿ ಮುದುಕಿಯನ್ನು ಇಳಿಸಿದರು. ಮೇಷ್ಟರು ಇರಲಿಲ್ಲ. ನಾನು ಓಡಿದೆ. ಮುದುಕಿಯ ಎರಡೂ ಅಂಗಾಲಿನ ಚರ್ಮ ಬೆಂದು ಎದ್ದಿತ್ತು. ಕಾದ ಮರಳಿನ ಮೇಲೆ ನಡೆದಿದ್ದಳು. ನಾನು ತೊಳೆದು ಬಟ್ಟೆ ಸುತ್ತುವಾಗ ಸೊಸೆ ಕೈಸನ್ನೆಯಲ್ಲಿ, ಬಿಡಿ ಮಾತಿನಲ್ಲಿ ಎಲ್ಲ ಹೇಳಿದಳು. ಗಾಡಿ ಮರಳಿಗೆ ಇಳಿದು ಸ್ವಲ್ಪ ಹೊತ್ತಿಗೇ ಕುದಿಯಿತು. ನಿಲ್ಲಿಸಿದರು, ಕುಡಿಯುವ ನೀರು ಹುಯ್ದರು, ಮತ್ತೆ ಹೊರಟರು, ಮತ್ತೆ ಕುದಿಯಿತು. ಮೂರನೆಯ ಸಲ ಎಲ್ಲ ನೀರೂ ಹೊರಗೆ ಹರಿದುಹೋಯಿತು. ಗಡಿ ಹತ್ತಿರದಲ್ಲೇ ಇತ್ತಂತೆ. ನಡೆಯತೊಡಗಿದಾಗ ಸೈನಿಕರ ಜೀಪು ಬಂತು. ಗಂಡಸನ್ನು ಹತ್ತಿಸಿಕೊಂಡು, ಹೆಂಗಸರನ್ನು ಅಲ್ಲೇ ಬಿಟ್ಟು ಹೋಯಿತು.

"ಮಾಯ್ ಅಸ್ಫರ್," ಎಂದಳು ಸೊಸೆ, ಮರಳಿನ ಮೇಲೆ ನೀರು ಹರಿದದ್ದನ್ನು ಕೈಯಲ್ಲಿ ತೋರಿಸುತ್ತ. ಹಳದಿ ನೀರು. ಯಾಕೆ ಹಳದಿ ಎಂದು ಅವಳಿಗೆ ಅರ್ಥವಾಗಿರಲಿಲ್ಲ. ತುಕ್ಕೇನೋ ಎಂದುಕೊಂಡಿದ್ದಳು.

ನಾನು ಕೊಟ್ಟ ಅರಿಶಿನದ ಡಬ್ಬಿ ನೆನಪಾಯಿತು.

ಮುದುಕಿ ನಿದ್ದೆ ಹೋದ ಮೇಲೆ ಮನೆಗೆ ಹೊರಟೆ. ಆತ ಹಿಂದಿನ ಜಾಗದಲ್ಲಿ ತನ್ನ ಗಾಡಿ ಒರೆಸುತ್ತಿದ್ದ. ಬಾನೆಟ್ ಎತ್ತಿ ಎಂದೆ. ಸಂತೋಷದಿಂದಲೇ ಎತ್ತಿದ. ಜಿಡ್ಡು ಹಿಡಿದ ಆ ಹಳೆಯ ಎಂಜಿನ್ನಿನ ಮುಂದೆ ಹೊಸ ರೇಡಿಯೇಟರ್, ಅಗಲವಾಗಿ, ಕಪ್ಪಗೆ, ಮಿರಮಿರ ಎನ್ನುತ್ತಿತ್ತು.

"ಅವರದ್ದಲ್ವಾ ಇದು?"

"ಹೆವಿ ಡ್ಯೂಟಿ ಮೇಡಂ. ಈ ದೇಶಕ್ಕೋಸ್ಕರನೇ ಮಾಡಿರೋದು. ಅಳತೆ ತೆಗೆದ ಹಾಗೆ ಕೂತ್ಕೊಂಡ್ತು ನೋಡಿ."

"ಅವರ ಗಾಡಿ ಮರಳಲ್ಲಿ ಕುದ್ದು ನಿಂತುಹೋಯ್ತು. ಮೇಷ್ಟ್ರನ್ನ ಹಿಡ್ಕೊಂಡು ಹೋದ್ರು."

ಆತನ ಮುಖದಲ್ಲಿ ಏನೋ ಬಂತು. ನೋವೇ ಇರಬೇಕೆಂದುಕೊಂಡೆ.

"ಸ್ಪೀಡಾಗಿ ಓಡಿಸಿರ್ತಾರೆ," ಎಂದ. "ನಿಧಾನವಾಗಿ ಹೋಗಿ ಅಂತ ಹೇಳಿದ್ದೆ. ನೂರು ಕಿಲೋಮೀಟರೂ ಇಲ್ಲ ಬಾರ್ಡರ್, ಅಷ್ಟು ದೂರಕ್ಕೆ ನನ್ನ ರೇಡಿಯೇಟರ್ ಸಾಕಾಗಿತ್ತು. ನಾವು ಹೋಗ್ಬೇಕಾಗಿರೋದು ಬಾಗ್ದಾದ್ ದಾಟಿ ಅಮ್ಮಾನ್‌ಗೆ. ಯಾರಿಗೆ ದೊಡ್ಡದು ಬೇಕು, ನೀವೇ ಹೇಳಿ. ನಾನೇನು ನನಗೊಬ್ಬನಿಗೆ ಮಾಡ್ಕೊಂಡ್ನಾ? ನಿಮ್ಮ ಮಗೂನ ಕರ್ಕೊಂಡು ಹೋಗೋದು ಬೇಡ್ವಾ?"

ನನ್ನ ಮಗಳ ಪ್ರಸ್ತಾಪವನ್ನು ಆ ಬಾಯಿಂದ ಕೇಳಿದಾಗ ಆದ ಹೇಸಿಗೆಯನ್ನು ಹೇಗೆ ಬರೆಯಲಿ. ಕೀವು, ರಕ್ತ, ಮಲ, ಎಲ್ಲವನ್ನೂ ಬರಿಗೈಯಲ್ಲಿ ಮುಟ್ಟಿದವಳು ನಾನು. ಅದಕ್ಕೆಲ್ಲ ಸೋಪಿದೆ.

"ನಾನು ನಿಮ್ಮ ಗಾಡೀಲಿ ಬರಲ್ಲ," ಎಂದೆ.

ನಗುತ್ತ ಬಾನೆಟ್ ಮುಚ್ಚಿದ. "ಈಗ ಟೆನ್ಷನ್‌ನಲ್ಲಿದ್ದೀರಿ. ನಾಳೆ ಮಾತಾಡೋಣ."

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಆ ಮನೆಗೆ ಬೀಗ ಬಿದ್ದಿತ್ತು. ಮಗ ಸಿಕ್ಕಿಬಿದ್ದ ಮೇಲೆ ಸೈನಿಕರು ಮನೆಗೂ ಬಂದಾರೆಂದು ನೆಂಟರು ಬಂದು ಅತ್ತೆ ಸೊಸೆಯನ್ನು ಕರೆದೊಯ್ದಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ನನ್ನ ಗಂಡ ಜಗಳವಾಡುವವರಲ್ಲ. ಅಂದು ಆಡಿದರು. "ಆತ ಮಾಡಿದ್ದು ತಪ್ಪೇ, ನಾನೇನು ಸರಿ ಅಂದ್ನಾ? ಆದ್ರೆ ಅಷ್ಟು ದೂರ ಹೋಗೋ ಗಾಡಿ ಇರೋದು ಅದೊಂದೇ. ಮಗು ಮುಖ ನೋಡು."

"ಮಗು ಮುಖ ನೋಡಿಯೇ ಹೇಳ್ತಿರೋದು. ಬಸ್ಸು ಬರುತ್ತೆ ಅಂತಿದ್ದಾರಲ್ಲ, ಅದರಲ್ಲಿ ಹೋಗೋಣ."

"ಬರದೇ ಇದ್ರೆ?"

ಬರದಿದ್ದರೂ ಆ ಗಾಡಿಯಲ್ಲಿ ಆಗುವುದಿಲ್ಲ ಎಂದೆ. ಅವರು "ಆಯ್ತು, ಖಲಾಸ್," ಎಂದು ಎದ್ದರು. ಆತ ಬೇರೆ ಇಬ್ಬರು ಬ್ರಹ್ಮಚಾರಿಗಳನ್ನು ಕೂರಿಸಿಕೊಂಡು ಹೊರಟುಹೋದ. ಹೋಗುವಾಗ ಕಿಟಕಿಯಿಂದ ನೋಡುತ್ತಿದ್ದ ನನ್ನ ಮಗಳಿಗೆ ಕೈ ಬೀಸಿದ. ಅವಳೂ ಬೀಸಿದಳು.

ಬಸ್ಸು ಬಂದದ್ದು ಸೆಪ್ಟೆಂಬರಿನಲ್ಲಿ. ಜೋರ್ಡಾನಿನ ಗಡಿಯ ಡೇರೆಯಲ್ಲಿ ಮಗಳಿಗೆ ಜ್ವರ ಬಂದು, ಭೇದಿಯಾಗಿ, ಕಣ್ಣು ಗುಳಿಬಿತ್ತು. ನೀರಿಗೆ ಸಾಲು, ರೊಟ್ಟಿಗೆ ಸಾಲು, ಬಯಲಿಗೆ ಹೋಗಲೂ ಸಾಲು. ಬಿಸಿಲಿನಲ್ಲಿ ಅವಳ ಬಾಯಿಗೆ ಉಪ್ಪು ಸಕ್ಕರೆಯ ನೀರು ಹನಿಸುತ್ತ, ಆ ಗಾಡಿಯಲ್ಲಿ ಹೋಗಿದ್ದರೆ ಇಷ್ಟೊತ್ತಿಗೆ ಮೈಸೂರಿನಲ್ಲಿ ಇರುತ್ತಿದ್ದೆವು ಎಂದು ನನಗೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ಆತನ ಮೇಲೇ ಅಸಹ್ಯವಾಯಿತು. ಮಗಳು ಉಳಿದಳು. ಊರು ಸೇರಿದಾಗ ಆತ ಆಗಲೇ ಅಲ್ಲಿ ಶಾಲು ಹೊದ್ದು ಕತೆ ಹೇಳುತ್ತಿದ್ದ. ಅಮ್ಮಾನಿನಲ್ಲಿ ಗಾಡಿಯನ್ನು ಬಿಟ್ಟು ವಿಮಾನ ಹತ್ತುವಾಗ ಅದರ ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ಕೇಳಿ ಹೆಂಗಸರು ಕಣ್ಣೊರೆಸಿಕೊಂಡರಂತೆ.

ತೊಂಬತ್ತೊಂದರ ಬೇಸಿಗೆ ಕಳೆಯುವಷ್ಟರಲ್ಲಿ ನಮಗೆ ಮತ್ತೆ ಕರೆ ಬಂತು, ಆತನಿಗೂ ಬಂತು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕಪ್ಪು ಚುಕ್ಕೆಯಾಗುತ್ತಿತ್ತು. ಆಸ್ಪತ್ರೆಯ ಕಿಟಕಿಗಳನ್ನು ಎಷ್ಟು ಒರೆಸಿದರೂ ಮಸಿ. ಒಂದು ಬೆಳಿಗ್ಗೆ ನನ್ನ ಡ್ರೆಸಿಂಗ್ ಕೋಣೆಗೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿಯನ್ನು ತಳ್ಳಿಕೊಂಡು ಬಂದರು. ತಳ್ಳುತ್ತಿದ್ದವಳು ಆ ಸೊಸೆ. ಮುದುಕಿಯ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅಂಗಾಲಿನ ಹುಣ್ಣು ಇನ್ಸುಲಿನ್ ಇಲ್ಲದೆ ಮಾಗದೆ, ಚಳಿಗಾಲದಲ್ಲಿ ಕತ್ತರಿಸಿದ್ದರು. ಮೇಷ್ಟರು ಬಸ್ರಾದ ಜೈಲಿನಿಂದ ವಾಪಸು ಬಂದಿದ್ದರು. ಬಂದಿದ್ದಾರೆ, ಆದರೆ ಮಾತಾಡುವುದಿಲ್ಲ ಎಂದು ಸೊಸೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮುದುಕಿ ನನ್ನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು, ನಾನೂ ಅತ್ತೆ.

ಆತ ಒಳಗೆ ಬಂದದ್ದು ಆಗ. ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕೆ ರಕ್ತ ಪರೀಕ್ಷೆ ಮಾಡಿಸಲು ಬಂದವನು, ಹೊರಗಿನಿಂದ ಅವರನ್ನು ನೋಡಿ ನೇರ ನುಗ್ಗಿದ. ಆತನ ಅರಬ್ಬಿ ನೀರು ಕುಡಿದಂತೆ. ಮುದುಕಿಯ ಮುಂದೆ ಮಂಡಿಯೂರಿ, ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ದೇವರ ಹೆಸರು ಹೇಳುತ್ತ ಕಣ್ಣು ಒದ್ದೆ ಮಾಡಿಕೊಂಡ. ಆ ಕಣ್ಣೀರು ಸುಳ್ಳಿರಲಿಲ್ಲ ಎಂಬುದೇ ನನಗೆ ಸಹಿಸಲಾಗದ್ದು. ಈತ ನಮಗೆ ಕಷ್ಟಕಾಲದಲ್ಲಿ ಗಾಡಿ ಸರಿಮಾಡಿ ಕೊಟ್ಟ ಮಹಾನುಭಾವ ಎಂದು ಸೊಸೆ ನನಗೇ ಪರಿಚಯ ಮಾಡಿಸಿದಳು. ಆತ ನನ್ನತ್ತ ತಿರುಗಿ ಕನ್ನಡದಲ್ಲಿ, "ರಾಯ್‌ನಲ್ಲಿ ಲೂಟಿಯಾದ ಗಾಡಿಗಳು ರಾಶಿ ಬಿದ್ದಿವೆ ಮೇಡಂ. ಎರಡು ಸೇರಿಸಿ ಇವರಿಗೊಂದು ಮಾಡಿಕೊಡ್ತೀನಿ. ಖರ್ಚೇ ಬರಲ್ಲ," ಎಂದ.

ನನ್ನ ಅರಬ್ಬಿಯೆಲ್ಲ ಆಸ್ಪತ್ರೆಯದು. ಎಲ್ಲಿ ನೋವು, ಯಾವಾಗಿಂದ ನೋವು, ಯಾವುದರಿಂದ ಆಯಿತು, ಇಷ್ಟೇ ಬರುತ್ತದೆ. ರೇಡಿಯೇಟರ್ ಬದಲಾಯಿಸಿದ ಎನ್ನಲು ಹೊರಟು ತಡವರಿಸಿದೆ. ಆತ ಮಧ್ಯೆ ಬಾಯಿ ಹಾಕಿ ಏನೋ ಹೇಳಿದ. ಸಿಸ್ಟರ್ ತಮಾಷೆ ಮಾಡುತ್ತಿದ್ದಾರೆ ಎಂದಿರಬೇಕು, ಸೊಸೆ ನಕ್ಕಳು. ನಾನು ಮುದುಕಿಯ ಕತ್ತರಿಸಿದ ಕಾಲಿನ ಮೇಲೆ ಕೈಯಿಟ್ಟೆ. ಆಮೇಲೆ ಆತನತ್ತ ಬೆರಳು ತೋರಿಸಿದೆ.

"ಹಾದಾ ಅಲಮ್, ಮಿನ್ ಹಾದಾ."

ಈ ನೋವು, ಇವನಿಂದ.

ಸೊಸೆಯ ನಗು ನಿಂತಿತು. ಮುದುಕಿ ಆತನ ಮುಖ ನೋಡುತ್ತ, "ಸಹೀಹ್?" ಎಂದಳು. ನಿಜವೇ?

ಆತ ಇಲ್ಲ ಎನ್ನಬಹುದಾಗಿತ್ತು. ಅವರು ನಂಬಿಯೂ ಬಿಡುತ್ತಿದ್ದರು. ಅದರ ಬದಲು ಆತ ವಿವರಿಸಲು ಶುರುಮಾಡಿದ. ಅರಬ್ಬಿಯಲ್ಲಿ, ಒಂದು ಕೈಯಲ್ಲಿ ಅವಳ ಕೈ ಹಿಡಿದೇ, ಇನ್ನೊಂದರಲ್ಲಿ ಅಳತೆ ತೋರಿಸುತ್ತ. ಇಷ್ಟಗಲದ್ದು, ಅಷ್ಟಗಲದ್ದು, ಇದು ಇಷ್ಟು ದೂರಕ್ಕೆ, ಅದು ಅಷ್ಟು ದೂರಕ್ಕೆ. ದನಿಯಲ್ಲಿ ಹುರುಪು ಬಂತು. ಅಮ್ಮಾನ್ ಎಂಬ ಹೆಸರು ಬಂದಾಗ ಮುಖ ಅರಳಿತು ಕೂಡ. ಹೇಳುತ್ತಿರುವುದು ಏನೆಂದು ಆತನಿಗೆ ತಿಳಿಯಲೇ ಇಲ್ಲ.

ಮುದುಕಿ ಪೂರ್ತಿ ಕೇಳಿದಳು. ನಂತರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ನನ್ನ ಟ್ರೇಯಲ್ಲಿದ್ದ ಹತ್ತಿ, ಸ್ಪಿರಿಟ್ ಬಾಟಲಿಯ ಕಡೆ ತೋರಿಸಿದಳು. ಗಾಯಕ್ಕೆಂದುಕೊಂಡು ಹತ್ತಿಯನ್ನು ಅದ್ದಿ ಹಿಡಿದೆ. ಅವಳೇ ಅದನ್ನು ತೆಗೆದುಕೊಂಡಳು. ಆತ ಹಿಡಿದಿದ್ದ ಬಲಗೈಯನ್ನು ಒರೆಸತೊಡಗಿದಳು. ಅಂಗೈ, ಮುಂಗೈ, ಒಂದೊಂದೇ ಬೆರಳು, ಬೆರಳಿನ ಸಂದಿಗಳು. ಅವಸರವಿರಲಿಲ್ಲ. ಆತ ಮಂಡಿಯೂರಿದಲ್ಲೇ ಬಾಯಿ ತೆರೆದು ನೋಡುತ್ತಿದ್ದ. ಒರೆಸಿ ಮುಗಿದ ಮೇಲೆ ಹತ್ತಿಯನ್ನು ಕಸದ ಬಕೆಟ್ಟಿಗೆ ಹಾಕಿದಳು, ಕಾಲನ್ನು ನನ್ನ ಮುಂದೆ ಚಾಚಿದಳು.

ನಾನು ಬ್ಯಾಂಡೇಜು ಬಿಚ್ಚತೊಡಗಿದೆ.